ನಿದ್ದೆ ತಂದ ಕಳೆ

ವಿನೋಬನಗರದಲ್ಲಿ ಹನ್ನೆರಡು ವರ್ಷದಿಂದ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಶರಾವತಿ, ಎದುರಿಗೆ ಕೂತವರ ಮುಖ ನೋಡಿಯೇ ಅವರು ರಾತ್ರಿ ಎಷ್ಟು ಹೊತ್ತು ಮಲಗಿದ್ದರೆಂದು ಹೇಳಿಬಿಡುತ್ತಿದ್ದಳು. ಮುಖದ ಕಪ್ಪಿನಲ್ಲಿ ಬಿಸಿಲಿನದು ಯಾವುದು, ನಿದ್ದೆಗೆಟ್ಟಿದ್ದು ಯಾವುದು ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಹೇಳುವುದರಲ್ಲಿ ಮುಲಾಜೆಂಬುದಿಲ್ಲ. ಆ ಬಾಯಿ ಒಂದೇ ಒಂದು ಸಲ ಮುಚ್ಚಿಕೊಂಡಿತು. ಮುಚ್ಚಬಾರದ ಹೊತ್ತಿನಲ್ಲೇ ಮುಚ್ಚಿಕೊಂಡಿತು ನೋಡಿ.

ಭದ್ರಾವತಿಯ ಸುಭದ್ರಮ್ಮ ಮಗಳು ರಶ್ಮಿಯನ್ನು ಕರೆತಂದಾಗ ಮದುವೆಗೆ ಐದು ವಾರವಿತ್ತು. ಹುಡುಗಿ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಮದುವೆಯೊಳಗೆ ಥೀಸಿಸ್ ಮುಗಿಸಬೇಕೆಂಬ ಹಟಕ್ಕೆ ಬಿದ್ದು ಮೂರು ತಿಂಗಳಿಂದ ನೆಟ್ಟಗೆ ಕಣ್ಣು ಮುಚ್ಚಿರಲಿಲ್ಲ. ಇಪ್ಪತ್ತಾರರ ಮುಖ ಬಾಡಿ ನಲವತ್ತು ದಾಟಿದಂತಿತ್ತು.

"ನಿಶ್ಚಿತಾರ್ಥದ ಫೋಟೊ ನೋಡಿ ಬೀಗರು, ಹುಡುಗಿಗೆ ಏನಾದ್ರೂ ಕಾಯಿಲೆನಾ ಅಂತ ಕೇಳಿದ್ರು ಮೇಡಂ. ಭೂಮಿ ಬಾಯಿಬಿಡಬಾರದಾ ಅನ್ನಿಸ್ತು ನಂಗೆ. ಎಷ್ಟು ಫೇಶಿಯಲ್ ಬೇಕೋ ಅಷ್ಟು ಮಾಡಿ," ಎಂದರು ಸುಭದ್ರಮ್ಮ.

"ಫೇಶಿಯಲ್ ತಗೊಂಡು ಏನ್ ಮಾಡ್ತೀರಮ್ಮ? ಚರ್ಮ ರಿಪೇರಿ ಆಗೋದೇ ನಿದ್ದೇಲಿ. ದಿನಾ ಏಳೆಂಟು ಗಂಟೆ ಮಲಗಿಸಿ, ಕಳೆ ತಾನಾಗೇ ಬರುತ್ತೆ," ಎಂದಳು ಶರಾವತಿ.

"ಮಲಗಿದ್ರೂ ನಿದ್ದೆ ಬರಲ್ಲ ಮೇಡಂ. ಕಣ್ಣು ಮುಚ್ಚಿದ್ರೆ ನಮ್ಮ ಗೈಡೇ ಎದುರಿಗೆ ಬಂದು ನಿಲ್ತಾರೆ," ಎಂದು ರಶ್ಮಿ ನಕ್ಕಳು. ನಕ್ಕರೆ ಎಷ್ಟು ಚೆಂದ ಹುಡುಗಿ ಎಂದುಕೊಂಡಳು ಶರಾವತಿ.

ಎರಡು ವಾರ ಬಿಟ್ಟು ಬಂದರು. ಅಬ್ಬಾ, ಅದೇ ಹುಡುಗಿಯೇ ಇವಳು? ಕಣ್ಣ ಕೆಳಗಿನ ಕಪ್ಪು ಇಳಿದಿತ್ತು, ಮೊಡವೆ ಒಣಗಿತ್ತು, ಕೆನ್ನೆ ತುಂಬಿತ್ತು.

"ಇದೇನ್ ಮಾರಾಯ್ತಿ, ಯಾರು ಮಂತ್ರ ಹಾಕಿದ್ರು ನಿಂಗೆ?" ಎಂದರೆ ರಶ್ಮಿ ತೊದಲುತ್ತಾ ಏನೋ ಹೇಳಿದಳು. ಹೇಳುತ್ತಾ ಹೇಳುತ್ತಾ ಕುರ್ಚಿಯಲ್ಲೇ ತೂಕಡಿಸಿದಳು. ಹಾಡುಹಗಲು ಹನ್ನೊಂದು ಗಂಟೆ.

ಸುಭದ್ರಮ್ಮ ಶರಾವತಿಯನ್ನು ಪಕ್ಕಕ್ಕೆ ಕರೆದರು. "ಇವರಪ್ಪಂಗೆ ಡಾಕ್ಟರು ನಿದ್ದೆ ಮಾತ್ರೆ ಬರ್ಕೊಟ್ಟಿದಾರೆ. ಅದ್ರಲ್ಲೇ ಅರ್ಧ ಪುಡಿ ಮಾಡಿ ಹಾಲಿಗೆ ಹಾಕ್ತೀನಿ. ಅವಳಿಗೆ ಗೊತ್ತಿಲ್ಲ, ಹೇಳ್ಬೇಡಿ."

ನಮ್ಮ ಮನೆಗಳ ಹಣೆಬರಹವೇ ಇಷ್ಟು. ಒಬ್ಬರಿಗೆ ಬರೆದ ಚೀಟಿ ಇಡೀ ಮನೆಗೆ ಆಗಬೇಕು. ಅತ್ತೆಯ ಮಂಡಿನೋವಿನ ಮಾತ್ರೆ ಸೊಸೆಯ ಸೊಂಟಕ್ಕೆ, ಗಂಡನ ಗ್ಯಾಸಿನದು ಹೆಂಡತಿಯ ಎದೆಯುರಿಗೆ. ಆದರೂ ಶರಾವತಿಗೆ ಇದು ಸರಿಯೆನ್ನಿಸಲಿಲ್ಲ. ಡಾಕ್ಟರನ್ನು ಕೇಳಿದಿರಾ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕನ್ನಡಿಯಲ್ಲಿ ರಶ್ಮಿಯ ಮುಖ ಕಂಡಿತು. ಇಂಥ ಮುಖ ತನ್ನ ಪಾರ್ಲರಿನಿಂದ ಹೊರಗೆ ಹೋಗಿ ಎಷ್ಟು ದಿನವಾಗಿತ್ತು? ಮಾತು ನುಂಗಿದಳು. ಮೊಬೈಲ್ ತೆಗೆದು, ಹಳೆಯ ಫೋಟೊದ ಪಕ್ಕ ಹೊಸದನ್ನಿಟ್ಟು ಸ್ಟೇಟಸ್ ಹಾಕಿದಳು. ಸಂಜೆಯೊಳಗೆ ಮೂವರು ಮದುವೆ ಹುಡುಗಿಯರ ಕಡೆಯವರು ಫೋನ್ ಮಾಡಿದರು.

ಆರತಕ್ಷತೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಮೇಕಪ್ ಬ್ಯಾಗು ಹಿಡಿದು ಶರಾವತಿ ಭದ್ರಾವತಿಯ ಮನೆ ಮುಟ್ಟಿದಳು. ಚಪ್ಪರದ ಕೆಳಗೆ ನೆಂಟರು ಊಟಕ್ಕೆ ಕೂತಿದ್ದರು.

"ಇನ್ನೂ ಮಲಗಿದಾಳೆ. ಯಾರೂ ಎಬ್ಬಿಸಬಾರದು ಅಂತ ಬಾಗಿಲು ಹಾಕಿದೀನಿ," ಎಂದು ಸುಭದ್ರಮ್ಮ ಹೆಮ್ಮೆಯಿಂದ ಒಳಗೆ ಕರೆದೊಯ್ದರು.

ಕುತ್ತಿಗೆಯಲ್ಲಿ ಹಿಂದಿನ ದಿನದ ಅರಿಶಿನ ಹಾಗೇ ಇತ್ತು. ಮುಖದಲ್ಲಿ ಒಂದು ಗೆರೆಯಿಲ್ಲ. ಇದಕ್ಕೆ ಪೌಡರೂ ಬೇಡವಲ್ಲ ಎಂದುಕೊಳ್ಳುತ್ತಾ ಶರಾವತಿ ಕೆನ್ನೆ ಮುಟ್ಟಿದಳು. ತಣ್ಣಗಿತ್ತು, ಬೆವರಿಗೆ ಅಂಟುತ್ತಿತ್ತು. ತುಟಿ ನೀಲಿಗಟ್ಟಿತ್ತು. ಭುಜ ಹಿಡಿದು ಅಲ್ಲಾಡಿಸಿದರೆ ತಲೆ ಪಕ್ಕಕ್ಕೆ ವಾಲಿತು. ಒಂದು ಉಸಿರು ಗೊರ್ರೆಂದು ಬಂತು. ಇನ್ನೊಂದು ಬರಲು ಬಹಳ ಹೊತ್ತಾಯಿತು.

"ಎಷ್ಟು ಕೊಟ್ರಿ?"

"ಈಚೆಗೆ ಅರ್ಧಕ್ಕೆ ನಿದ್ದೆನೇ ಹತ್ತುತಿರಲಿಲ್ಲ. ನಿನ್ನೆ ಮೂರು ಹಾಕಿದ್ದೆ. ಅರಿಶಿನದ ನೀರು ಹುಯ್ದು ಕೆಮ್ಮು ಬಂದಿತ್ತಲ್ಲ, ಮನೇಲಿದ್ದ ಸಿರಪ್ಪೂ ಕುಡಿಸಿದೆ, ಅದ್ರಲ್ಲೂ ನಿದ್ದೆ ಬರುತ್ತಲ್ಲ. ಯಾಕೆ ಮೇಡಂ?"

ಆಂಬುಲೆನ್ಸಿಗೆ ಕಾಯದೆ, ಮದುವೆಗೆಂದು ಗೊತ್ತು ಮಾಡಿದ್ದ ಕಾರಿನಲ್ಲೇ ಹೊರಟರು. ಮುಂದಿನ ಸೀಟಿನಲ್ಲಿ ತಂದೆ ಶಿವಯೋಗಪ್ಪ ಫೋನ್ ಹಿಡಿದು ಬೀಗರಿಗೆ ವಿಷಯ ತಿಳಿಸುತ್ತಿದ್ದರು. ಹಿಂದೆ ರಶ್ಮಿಯ ತಲೆ ಶರಾವತಿಯ ತೊಡೆಯ ಮೇಲಿತ್ತು. ಸುಭದ್ರಮ್ಮ ಮಗಳ ಅಂಗಾಲು ತಿಕ್ಕುತ್ತಿದ್ದರು. ಅಂದು ಒಂದು ಮಾತು ಆಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಶರಾವತಿ ತನ್ನನ್ನು ತಾನೇ ಶಪಿಸಿಕೊಂಡಳು.

"ಬೀಗರು ಸೀದಾ ಆಸ್ಪತ್ರೆಗೇ ಬರ್ತಾರಂತೆ ಮೇಡಂ," ಎಂದರು ಸುಭದ್ರಮ್ಮ. "ಈ ತುಟಿ ನೋಡಿದ್ರೆ ಏನಾದ್ರೂ ಅಂದ್ಕೋತಾರೆ. ಸ್ವಲ್ಪ ಬಣ್ಣ ಹಚ್ಚಿಬಿಡಿ."

ಈ ಹೆಂಗಸಿನ ಕೆನ್ನೆಗೆ ಬಾರಿಸಬೇಕು ಎನ್ನಿಸಿತು ಶರಾವತಿಗೆ. ಆದರೆ ಆ ತಾಯಿಯ ಕಣ್ಣು ನೋಡಲಾಗದೆ ಬ್ಯಾಗು ತೆಗೆದಳು. ಕುಲುಕುವ ಕಾರಿನಲ್ಲಿ ಗದ್ದ ಹಿಡಿದು, ನೀಲಿ ಕಾಣದಂತೆ ಎರಡು ಸಲ ಹಚ್ಚಿದಳು.

"ಈಗ ಕಳೆ ಬಂತು," ಎಂದು ಸುಭದ್ರಮ್ಮ ಕಣ್ಣೊರೆಸಿಕೊಂಡರು.

ಶರಾವತಿ ಇನ್ನೊಂದು ಉಸಿರಿಗಾಗಿ ಕಾಯುತ್ತಿದ್ದಳು. ಕಾರು ಆಸ್ಪತ್ರೆಯ ಗೇಟಿನೊಳಗೆ ತಿರುಗಿದರೂ ಅದು ಬರಲಿಲ್ಲ.