ಕಾಲರಿನ ಪಿನ್ನು

ಕಂಬಿ ಕಟ್ಟುವವರ ಕೈಗೆ ತಂತಿಯ ಸಿಬಿರು ಹೋಗದ ದಿನವಿಲ್ಲ. ಕಟ್ಟುತ್ತಿದ್ದ ಒಂದು ಏಳು ಅಂತಸ್ತಿನ ಕಟ್ಟಡದಲ್ಲಿ ಸಿಬಿರು ಹೊಕ್ಕವರೆಲ್ಲ ಓಡುತ್ತಿದ್ದುದು ಹಿರಿಯ ಮೇಸ್ತ್ರಿಯ ಹತ್ತಿರ. ಅವನ ಅಂಗಿಯ ಕಾಲರಿನಲ್ಲಿ ಸದಾ ಒಂದು ಪಿನ್ನು. ಕುಕ್ಕಿ, ಎತ್ತಿ, ಪ್ಯಾಂಟಿಗೆ ಒರೆಸಿ, ಮತ್ತೆ ಕಾಲರಿಗೆ ಸಿಕ್ಕಿಸಿದರೆ ಮುಗಿಯಿತು. ಎಲ್ಲರೂ ಅವನನ್ನು ‘ಪಿನ್ನು ಡಾಕ್ಟರ್’ ಎನ್ನುತ್ತಿದ್ದರು. ಹಾಗೆಂದಾಗಲೆಲ್ಲ ಅವನ ಎದೆ ಉಬ್ಬುತ್ತಿತ್ತು.

ಅವತ್ತು ಬೆಳಿಗ್ಗೆಯಿಂದ ಮೂರು ಜನರ ಬೆರಳು ನೋಡಿಯಾಗಿತ್ತು. ಅಷ್ಟರಲ್ಲಿ ಅವನ ಜೊತೆಯೇ ದುಡಿಯುವ ಮಗಳು ಅಂಗೈ ಹಿಡಿದುಕೊಂಡು ಬಂದಳು.

“ಅಪ್ಪಾ, ತಂತಿ ಚುಚ್ಕೊಂಡ್ತು.”

“ಕೊಡು ಮಗಳೇ ಕೈ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಕಿತ್ತು ಬಿಸಾಕ್ತೀನಿ.”

ಲಸಿಕೆ ಹಾಕಲು ಅಂದು ಕಟ್ಟಡಕ್ಕೆ ಬಂದಿದ್ದ ನರ್ಸಮ್ಮ ಅವನ ಮಣಿಕಟ್ಟು ಹಿಡಿದರು.

“ತಡೀರಿ ಯಜಮಾನ್ರೇ! ಇವತ್ತು ಇದನ್ನ ಎಷ್ಟು ಜನಕ್ಕೆ ಚುಚ್ಚಿದ್ರಿ?”

“ಮೂರೇ ಜನಕ್ಕೆ. ಒರೆಸಿದೀನಲ್ಲ!”

“ನಾನು ಉಂಡ ತಟ್ಟೇನ ನಿಮ್ಮ ಪ್ಯಾಂಟಿಗೆ ಒರೆಸಿ ಕೊಟ್ರೆ, ಅದ್ರಲ್ಲಿ ಉಣ್ತೀರಾ?”

ಮಗಳು ಕಿಸಕ್ಕನೆ ನಕ್ಕಳು. ಮೇಸ್ತ್ರಿಗೆ ರೇಗಿತು.

“ನಮ್ಮ ಹುಡುಗ್ರು ಗುಂಡುಕಲ್ಲಿನ ಹಾಗಿದಾರೆ. ಅವ್ರಿಗೇನು ರೋಗ?”

“ಇದೆ ಅಂತ ನಾನು ಹೇಳಲ್ಲ. ಇಲ್ಲ ಅಂತ ನೀವೂ ಹೇಳೋಕಾಗಲ್ಲ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ, ಇವೆಲ್ಲ ರಕ್ತದಿಂದ ಹರಡ್ತವೆ. ವರ್ಷಗಟ್ಟಲೆ ಮೈಯಲ್ಲಿದ್ರೂ ಗೊತ್ತಾಗಲ್ಲ. ಆ ಮೂವರ ರಕ್ತಾನ ನಿಮ್ಮ ಕೈಯಾರೆ ಮಗಳ ಮೈಗೆ ಇಳಿಸ್ತೀರಾ?”

ಮೇಸ್ತ್ರಿ ಪಿನ್ನು ಕೆಳಗಿಳಿಸಿದ. ಮಗಳ ಕೈಯನ್ನು ಮೆಲ್ಲಗೆ ಬಿಟ್ಟ.

ನರ್ಸಮ್ಮ ಕೈಗವಸು ಹಾಕಿಕೊಂಡು, ಗಾಯವನ್ನು ಸೋಪು ನೀರಿನಲ್ಲಿ ತೊಳೆದು, ಶುದ್ಧ ಮಾಡಿದ ಚಿಮಟದಿಂದ ಸಿಬಿರು ತೆಗೆದು ಪಟ್ಟಿ ಕಟ್ಟಿದರು. ಪಿನ್ನು, ಬಳಸಿದ ಸೂಜಿ ಎಸೆಯುವ ಅವರ ಡಬ್ಬಕ್ಕೆ ಬಿತ್ತು.

“ನೀವೂ ಆ ಮೂವರೂ ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ. ಹೆಪಟೈಟಿಸ್ ಬಿಗೆ ಲಸಿಕೆ ಇದೆ, ಇವತ್ತು ಅದನ್ನೇ ಹಾಕೋಕೆ ಬಂದಿರೋದು, ಮೂರು ಸಲ ಹಾಕಿಸ್ಕೋಬೇಕು. ಉಳಿದೆರಡಕ್ಕೆ ಲಸಿಕೆ ಇಲ್ಲ, ನಾವೇ ಹುಷಾರಾಗಿರಬೇಕು.”

ಲಸಿಕೆಯ ಸಾಲಿನಲ್ಲಿ ಮೇಸ್ತ್ರಿಯೇ ಮೊದಲು. ಸಾವಿರ ಕೈಗೆ ಚುಚ್ಚಿದವನು ಈಗ ಬೆವೆತುಹೋಗಿದ್ದ. ತೋಳು ಹಿಂದಕ್ಕೆಳೆದುಕೊಂಡು ಕೇಳಿದ:

“ನರ್ಸಮ್ಮಾ, ಈ ಸೂಜಿ ನಂಗಿಂತ ಮುಂಚೆ ಯಾರಿಗೆ ಚುಚ್ಚಿದ್ದು?”

ಸಾಲಿಗೆ ಸಾಲೇ ಘೊಳ್ಳೆಂದಿತು. ನರ್ಸಮ್ಮ ಅವನ ಕಣ್ಣೆದುರೇ ಹೊಸ ಸೂಜಿಯ ಪೊಟ್ಟಣ ಹರಿದರು.

“ಈಗ ನೋಡಿ, ನೀವು ನಿಜವಾದ ಡಾಕ್ಟರ್!”

ಕಟ್ಟಡ ಕಟ್ಟುವ ಅಣ್ಣಂದಿರೇ, ಅಕ್ಕಂದಿರೇ, ಪಿನ್ನು, ಬ್ಲೇಡು ಯಾರಿಗೂ ಕೊಡಬೇಡಿ, ಯಾರಿಂದಲೂ ಈಸಿಕೊಳ್ಳಬೇಡಿ. ಇನ್ನೊಬ್ಬರ ರಕ್ತ ನಿಮ್ಮ ಗಾಯಕ್ಕೆ ತಾಗಿದರೆ ಸೋಪು ಹಾಕಿ ತೊಳೆದು, ತಕ್ಷಣ ಆಸ್ಪತ್ರೆಗೆ ಹೋಗಿ. ಕೈಗವಸು ಕೊಡಿ ಎಂದು ಕಂಟ್ರಾಕ್ಟರನ್ನು ಕೇಳಿ. ನಾಳೆ ಎಂದರೆ ನಾಳೆಯೂ ಕೇಳಿ, ಹತ್ತು ಜನ ಸೇರಿ ಕೇಳಿ. ನಾವು ಬೆವರು ಕೊಡಲು ಬಂದವರು, ರಕ್ತ ಕೊಡಲು ಅಲ್ಲ!

ಅದಕ್ಕೂ ಮೊದಲು, ನಿಮ್ಮ ಕಾಲರನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳಿ.