ಪ್ರೊಫೆಸರರ ಕಥೆಯೊಳಗೆ ನಾದಿನಿ

ಕಥೆ ಕೇಳುವಾಗ ಮಿದುಳಿನ ಯಾವ ಯಾವ ಭಾಗಗಳು ಒಟ್ಟಾಗಿ ಕೆಲಸ ಮಾಡುತ್ತವೆಂದು ಕಂಡುಹಿಡಿಯಲು ಹೊರಟ ಪ್ರೊಫೆಸರರು ಕಥೆಗಾಗಿ ಬೇರೆ ಯಾರನ್ನೂ ಹುಡುಕಲಿಲ್ಲ. ತಾವೇ ಒಂದು ಬರೆದು, ತಮ್ಮದೇ ಗಂಭೀರ ದನಿಯಲ್ಲಿ ಹನ್ನೆರಡು ನಿಮಿಷ ಓದಿ, ಪ್ರಯೋಗಾಲಯದಲ್ಲೇ ರೆಕಾರ್ಡ್ ಮಾಡಿದರು. ಅದರಲ್ಲಿ ಒಬ್ಬ ಮುದುಕ ನದಿಯನ್ನು ನೋಡುತ್ತಾನೆ. ಕೊನೆಯವರೆಗೂ ನೋಡುತ್ತಲೇ ಇರುತ್ತಾನೆ.

ಮೂವತ್ತು ಜನರನ್ನು ಒಬ್ಬೊಬ್ಬರಾಗಿ ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿಸಿ, ಹೆಡ್‌ಫೋನ್ ಹಾಕಿ ಕಥೆ ಕೇಳಿಸಿದವಳು ಅಲ್ಲಿನ ಟೆಕ್ನಿಷಿಯನ್. ಆರು ನಿಮಿಷ ಎಲ್ಲರ ಮನಸ್ಸೂ ಎಲ್ಲೆಲ್ಲೋ ಅಲೆಯುತ್ತಿದ್ದುದು ಪರದೆಯ ಮೇಲೆ ಕಾಣುತ್ತಿತ್ತು. ಏಳನೆಯ ನಿಮಿಷಕ್ಕೆ ಮಾತ್ರ ಮೂವತ್ತೂ ಮಿದುಳುಗಳು ಮೊದಲೇ ಮಾತಾಡಿಕೊಂಡಂತೆ ಒಟ್ಟಿಗೆ ಎಚ್ಚೆತ್ತವು.

"ನೋಡಿದ್ರಾ! ಮುದುಕ ನಿಟ್ಟುಸಿರು ಬಿಡೋ ಜಾಗ ಅದು," ಎಂದು ಪ್ರೊಫೆಸರರು ಹಿಗ್ಗಿ ಹೀರೇಕಾಯಿಯಾದರು.

ಟೆಕ್ನಿಷಿಯನ್‌ಗೆ ಅನುಮಾನ. ಯಂತ್ರದಿಂದ ಇಳಿದವರೆಲ್ಲ, "ಮೇಡಂ, ಆ ಕುಕ್ಕರ್ ಮುಚ್ಚಳ ಕೊನೆಗೆ ಸಿಕ್ತಾ?" ಎನ್ನುತ್ತಿದ್ದರು. ಕಥೆಯಲ್ಲಿ ಕುಕ್ಕರೇ ಇಲ್ಲವಲ್ಲ! ತಾನೇ ಹೆಡ್‌ಫೋನ್ ಹಾಕಿ ಕೇಳಿದಳು. ನಿಟ್ಟುಸಿರಿನ ಹಿಂದೆ, ರೆಕಾರ್ಡ್ ಮಾಡುವಾಗ ಪಕ್ಕದ ಕೋಣೆಯಿಂದ ತೂರಿಬಂದ ಅವಳದೇ ದನಿ. ಫೋನಿನಲ್ಲಿ ನಾದಿನಿಯ ಜೊತೆ ಜಗಳ: "ಹೊಸ ಕುಕ್ಕರ್ ತಗೊಂಡು ಹೋಗಿ, ನಿಮ್ಮನೆ ಸೊಟ್ಟ ಮುಚ್ಚಳ ಹಾಕಿ ವಾಪಸ್ ಕಳಿಸ್ತೀಯೇನೇ?"

ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೂ ಹೋಗಿ ನಿಜ ಹೇಳಿದಳು.

ಪ್ರೊಫೆಸರರು ಮೂರು ಸಲ ಕೇಳಿ, ಕನ್ನಡಕ ಒರೆಸಿಕೊಂಡು, "ನಿಮ್ಮ ನಾದಿನೀನ ಕರ್ಕೊಂಡು ಬನ್ನಿ. ಮೈಕ್ ಮುಂದೆ ಇಬ್ರೂ ಜಗಳ ಆಡಿ. ವಿಜ್ಞಾನಕ್ಕೋಸ್ಕರ," ಎಂದರು.

ನಾದಿನಿ ತಲೆ ಬಾಚಿಕೊಂಡು, ಪೌಡರ್ ಹಚ್ಚಿಕೊಂಡು ಬಂದಳು. ಮೈಕ್ ಕಂಡದ್ದೇ ತಡ, ವಾರ್ತೆ ಓದುವವಳಂತೆ, "ಅತ್ತಿಗೆಯವರೇ, ಮುಚ್ಚಳದ ವಿಷಯದಲ್ಲಿ ನನ್ನಿಂದ ತಪ್ಪಾಗಿದ್ದರೆ ದಯವಿಟ್ಟು ಕ್ಷಮಿಸಿ," ಎಂದಳು.

"ಪರವಾಗಿಲ್ಲ, ನಿಮ್ಮ ಅನುಕೂಲವೇ ನಮಗೆ ಮುಖ್ಯ," ಎಂದಳು ಟೆಕ್ನಿಷಿಯನ್. ಅವಳ ನಾಲಿಗೆಯೂ ಕೈಕೊಟ್ಟಿತ್ತು.

ಅದನ್ನು ಕೇಳಿದ ಮೂವತ್ತರಲ್ಲಿ ಹನ್ನೊಂದು ಮಂದಿ ಯಂತ್ರದಲ್ಲೇ ನಿದ್ದೆ ಹೋದರು. ಒಬ್ಬನ ಗೊರಕೆ ಹೊರಗೂ ಕೇಳಿಸಿತು.

ಪ್ರೊಫೆಸರರು ಎರಡನೆಯ ಪ್ರಯೋಗವನ್ನು ಕಪಾಟಿಗೆ ಸೇರಿಸಿ, ಮೊದಲನೆಯದನ್ನೇ ಪ್ರಕಟಿಸಿದರು. ನಿಟ್ಟುಸಿರು ಮನುಷ್ಯಕುಲವನ್ನು ಹೇಗೆ ಒಂದುಗೂಡಿಸುತ್ತದೆ ಎಂಬುದರ ಮೇಲೆ ಹದಿನಾಲ್ಕು ಪುಟ. ಮೆಚ್ಚುಗೆ ಹರಿದು ಬಂತು, ಭಾಷಣಕ್ಕೂ ಕರೆ ಬಂತು.

ಟೆಕ್ನಿಷಿಯನ್ ಎರಡು ದಿನ ಹಲ್ಲು ಕಡಿದಳು, ಮೂರನೆಯ ದಿನ ನಕ್ಕುಬಿಟ್ಟಳು. ಪಕ್ಕದ ಕೋಣೆಯ ಗೋಡೆಗೆ 'ಇಲ್ಲಿ ಫೋನಿನಲ್ಲಿ ಮಾತಾಡಬಾರದು' ಎಂಬ ಚೀಟಿ ಅಂಟಿಸುವ ಕೆಲಸವೂ ಅವಳ ಪಾಲಿಗೇ ಬಂತು.