ಭಟ್ಟಿಯ ಮುಂದೆ ಒಂದು ತಾಸು

"ಇಷ್ಟ ನೋಡಕ್ಕ ಅಳತಿ," ಎಂದು ವ್ಯಂಕಟೇಶ ತಗಡಿನ ಚೌಕಟ್ಟನ್ನು ಗಾದಿ ಹೊಲಿಯುವ ಖಾಸೀಂಬಿಯ ಮುಂದೆ ಚಾಪೆಯ ಮೇಲಿಟ್ಟ. "ಉದ್ದ ಒಂದೂವರಿ ಫೂಟು, ಅಗಲ ಒಂದು ಫೂಟು. ಇದಕ್ಕ ಅರಿವಿ ಬಿಗದು ಹೊಲದು ಕೊಡಬೇಕು. ಗಾಳಿ ಹೋಗಬೇಕು, ಧೂಳ ಹೋಗಬಾರದು."

ಖಾಸೀಂಬಿ ಚೌಕಟ್ಟನ್ನು ನೋಡಲಿಲ್ಲ. ಮೆಕ್ಯಾನಿಕ್ ವ್ಯಂಕಟೇಶನ ಬೆನ್ನ ಹಿಂದೆ, ಗಿಡ್ಡ ಬಾಗಿಲಿನಲ್ಲಿ ತಲೆ ಬಗ್ಗಿಸಿ ನಿಂತವನನ್ನು ನೋಡುತ್ತಿದ್ದಳು. ಮನೆಯೊಳಗೆ ಹಾರಾಡುತ್ತಿದ್ದ ಹತ್ತಿಯ ಎಳೆಗಳಿಗೆ ಹೇಸಿ ಅವನು ಮೂಗಿಗೆ ಕರ್ಚೀಫು ಹಿಡಿದಿದ್ದ. ದಾಲ್‌ಮಿಲ್ಲಿನ ದೌಲತರಾಯ. ಎಂಟು ವರ್ಷದಲ್ಲಿ ಕಿವಿಯ ಹತ್ತಿರ ಕೂದಲು ಬೆಳ್ಳಗಾದದ್ದು ಬಿಟ್ಟರೆ ಅವನಲ್ಲಿ ಏನೂ ಬದಲಾಗಿರಲಿಲ್ಲ. ಈಗ ಗುರುತು ಹಿಡಿಯುತ್ತಾನೆ, ಈಗ ಹಿಡಿಯುತ್ತಾನೆ ಎಂದು ಅವಳು ಕಾದಳು. ಅವನು ಗೋಡೆ ನೋಡಿದ ಹಾಗೆ ಅವಳನ್ನು ನೋಡಿದ.

"ಪಿಂಜಾರ ಓಣ್ಯಾಗ ನಿನ್ನ ಕೈ ಚೊಲೊ ಅದ ಅಂತ ಇಂವ ಹೇಳಿದ," ಎಂದ ದೌಲತರಾಯ. "ನಾಳಿ ಸಂಜಿಗೆ ನಾವು ಹೊಂಡಾವ್ರು. ಅಷ್ಟ್ರಾಗ ಬೇಕು."

ಅವನು ಹೊರಗೆ ಹೋಗಿ ಬೇವಿನ ಮರದ ನೆರಳಲ್ಲಿ ನಿಂತ ಮೇಲೆ ವ್ಯಂಕಟೇಶ ವಿಷಯ ಬಿಡಿಸಿ ಹೇಳಿದ. ದೌಲತರಾಯ ತನ್ನ ತಾಯಿ ಸುಂದರಬಾಯಿಯನ್ನು ಕೇದಾರಕ್ಕೆ ಕರೆದೊಯ್ಯುವವನಿದ್ದ. ಅದಕ್ಕಾಗಿ ಹಳೇ ವ್ಯಾನೊಂದನ್ನು ಕೊಂಡು ಅದರೊಳಗೆ ಎರಡು ಮಂಚ, ಒಂದು ಸ್ಟೋವು, ನೀರಿನ ಟಾಕಿ ಕೂಡಿಸಿದ್ದ. ಮುದುಕಿಗೆ ದಮ್ಮಿನ ಬೇನೆ. ಮೇಲಿನ ಚಳಿ ತಡೆಯಲಿಕ್ಕಿಲ್ಲವೆಂದು ವ್ಯಾನಿಗೆ ಒಂದು ಸಣ್ಣ ಸೀಮೆಎಣ್ಣೆ ಭಟ್ಟಿಯನ್ನೂ ಮಾಡಿಸಿದ್ದ. ಕಬ್ಬಿಣದ ಪೆಟ್ಟಿಗೆ ಕಾಯುತ್ತದೆ, ಪಂಖಾ ಅದರ ಮೇಲೆ ಗಾಳಿ ಹಾಯಿಸುತ್ತದೆ, ಬಿಸಿಗಾಳಿ ಮಂಚದತ್ತ ಬರುತ್ತದೆ. ಆಳಂದದ ಏಪ್ರಿಲ್ ಬಿಸಿಲಿನಲ್ಲಿ ಬಿಸಿಗಾಳಿಯ ಯಂತ್ರ ಮಾಡಿಸುವುದನ್ನು ಕಂಡು ಬಸ್‌ಸ್ಟ್ಯಾಂಡಿನ ಮಂದಿ ಒಂದು ವಾರ ನಕ್ಕಿದ್ದರು. ಆದರೆ ಹೋದ ಭಾನುವಾರ ಬೆಳಗಿನ ಜಾವ ಪರೀಕ್ಷೆಗೆಂದು ಭೂಸನೂರಿನ ತನಕ ಹೋಗಿಬಂದಾಗ ಪಂಖಾ ರಸ್ತೆಯ ಕೆಮ್ಮಣ್ಣನ್ನೆಲ್ಲ ಎಳೆದು ಒಳಗೆ ಊದಿತು. ಸುಂದರಬಾಯಿ ಎರಡು ದಿನ ಉಸಿರಿಗೆ ಒದ್ದಾಡಿದಳು.

"ಪಂಖಾದ ಬಾಯಿಗೆ ಒಂದು ಅರಿವಿ ಜಾಳಗಿ ಕೂಡಿಸಿದ್ರ ಎಲ್ಲಾ ಬಗಿಹರೀತದ," ಎಂದ ವ್ಯಂಕಟೇಶ. "ಆದ್ರ ಒಂದು ಮಾತು ಅಕ್ಕ. ಭಾಳ ದಪ್ಪ ಮಾಡಬ್ಯಾಡ. ಪಂಖಾಕ್ಕ ಗಾಳಿ ಸಿಗಲಿಲ್ಲಂದ್ರ ಪೆಟ್ಟಿಗಿ ಕೆಂಪಗ ಕಾಯ್ತದ. ಆಮ್ಯಾಲ ಒಳಗ ಮಲಗಿದವರ ಗತಿ ದೇವರಿಗೇ ಗೊತ್ತು."

"ತಿಳೀತು," ಎಂದಳು ಖಾಸೀಂಬಿ.

ಅವರು ಹೋದರು. ಅವಳು ಚೌಕಟ್ಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

ಅವಳ ಗಂಡ ಲಾಲಸಾಬ ಆರು ವರ್ಷ ದೌಲತರಾಯನ ಮಿಲ್ಲಿನಲ್ಲಿ ತೊಗರಿ ಒಣಗಿಸುವ ಭಟ್ಟಿಯ ಮುಂದೆ ದುಡಿದಿದ್ದ. ಅಲ್ಲಿಯೂ ಒಂದು ಪಂಖಾ. ಅದು ಹೊಟ್ಟು, ಬೂದಿ, ತೊಗರಿಯ ಸಣ್ಣ ಧೂಳು ಎಲ್ಲವನ್ನೂ ಎಳೆದು ಭಟ್ಟಿ ನೋಡಿಕೊಳ್ಳುವವನ ಮುಖಕ್ಕೇ ಉಗುಳುತ್ತಿತ್ತು. ಗಂಡನ ಕೆಮ್ಮು ಹೆಚ್ಚಾದಾಗ ಖಾಸೀಂಬಿಯೇ ಮಾದರಪಾಟು ಬಟ್ಟೆಯ ಒಂದು ತುಂಡಿಗೆ ಅಂಚು ಹೊಲಿದು ಕೊಟ್ಟಿದ್ದಳು. ಲಾಲಸಾಬ ಅದನ್ನು ಪಂಖಾದ ಬಾಯಿಗೆ ಕಟ್ಟಿದ. ಮೂರನೇ ದಿನ ದೌಲತರಾಯ ಬಂದು ತನ್ನ ಕೈಯಿಂದಲೇ ಅದನ್ನು ಹರಿದು ಬಿಸಾಕಿದ. ಬುತ್ತಿ ತಂದಿದ್ದ ಖಾಸೀಂಬಿ ಅಲ್ಲೇ ನಿಂತಿದ್ದಳು.

"ಎರಡು ತಾಸಿನ ಕೆಲಸ ಮೂರು ತಾಸು ಆಗಾಕತ್ತದ," ಎಂದಿದ್ದ ಅವನು. "ಧೂಳ ಕುಡದು ಯಾರೂ ಸತ್ತಿಲ್ಲ."

ಲಾಲಸಾಬ ಸತ್ತ. ಎರಡು ವರ್ಷ ಕೆಮ್ಮಿ, ಎಲುಬಿನ ಹಂದರವಾಗಿ ಸತ್ತ. ಕೊನೆಯ ದಿನ ಉಸಿರು ಸಿಗದೆ ಕಣ್ಣು ಮೇಲೆ ಮಾಡಿದಾಗ ಅವಳು ದೌಲತರಾಯನ ದೊಡ್ಡ ಮನೆಗೆ ಓಡಿದ್ದಳು. ಗುಲಬರ್ಗಾದ ದವಾಖಾನೆಗೆ ಒಯ್ಯಲು ಕಾರು ಕೊಡಿ ಎಂದು ಬಾಗಿಲಲ್ಲಿ ನಿಂತು ಕೂಗಿದ್ದಳು. ಆಳು ಬಂದು ಮನೆಯಲ್ಲಿ ಯಾರೂ ಇಲ್ಲವೆಂದ. ಒಳಗಿನಿಂದ ಸುಂದರಬಾಯಿಯ ದನಿ ಸ್ಪಷ್ಟವಾಗಿ ಕೇಳುತ್ತಿತ್ತು, ಯಾರಿಗೋ ಹಾಲು ಕಾಸಲು ಹೇಳುತ್ತಿದ್ದಳು. ಬಸ್ಸಿನಲ್ಲಿ ಗಂಡನನ್ನು ಮಡಿಲಲ್ಲಿ ಮಲಗಿಸಿಕೊಂಡು ಹೊರಟಳು. ಕಡಗಂಚಿ ದಾಟುವಷ್ಟರಲ್ಲಿ ಅವಳ ಮಡಿಲು ಭಾರವಾಯಿತು.

ಈಗ ಅದೇ ದೌಲತರಾಯ ಅವಳ ಬಾಗಿಲಿಗೆ ಬಂದಿದ್ದ. ತಾಯಿಗೆ ಧೂಳು ತಾಗಬಾರದೆಂದು ಅರಿವೆ ಕೇಳಲು ಬಂದಿದ್ದ. ಅವಳು ಯಾರೆಂಬ ನೆನಪೂ ಅವನಿಗಿರಲಿಲ್ಲ. ಉಳಿದದ್ದಕ್ಕಿಂತ ಅದೇ ಅವಳನ್ನು ಹೆಚ್ಚು ಸುಟ್ಟಿತು.

ಮಧ್ಯಾಹ್ನವೇ ಹೊಲಿಯಲು ಕೂತಳು. ದಪ್ಪ ಮಾದರಪಾಟನ್ನು ಎರಡು ಪದರು ಹಾಕಿದಳು. ನಡುವೆ ಹತ್ತಿ ತುಂಬಿದಳು, ಬೆರಳಿನಿಂದ ಒತ್ತಿ ಒತ್ತಿ ತುಂಬಿದಳು, ಅದರ ಮೇಲೆ ಇನ್ನೊಂದು ಪದರು ಎಳೆದು ಸೂಜಿ ಹಾಕಿದಳು. ವ್ಯಂಕಟೇಶ ಏನು ಮಾಡಬೇಡ ಅಂದಿದ್ದನೋ ಅದನ್ನೇ ಮಾಡಿದಳು. ಹೊರಗಿನಿಂದ ನೋಡಿದರೆ ಚೆಂದದ ಗಾದಿಯ ತುಂಡಿನಂತಿತ್ತು. ಮುಗಿದ ಮೇಲೆ ಅದನ್ನು ಎತ್ತಿ ತನ್ನ ಬಾಯಿ ಮೂಗಿಗೆ ಬಿಗಿಯಾಗಿ ಒತ್ತಿ ಉಸಿರೆಳೆದಳು. ಉಸಿರು ಬರಲಿಲ್ಲ. ಇನ್ನಷ್ಟು ಹೊತ್ತು ಹಾಗೇ ಹಿಡಿದಳು. ಎದೆ ಬಡಿದುಕೊಂಡಿತು, ಕಣ್ಣು ಕತ್ತಲೆಗಟ್ಟಿತು. ಕೊನೆಗೆ ಕಿತ್ತು ಎಸೆದು ನೆಲಕ್ಕೆ ಕೈಯೂರಿ ಏದುಸಿರು ಬಿಟ್ಟಳು.

ಅವರ ಸಾವು ಬೇಡ ಎನಿಸಿತು. ಕನಿಕರದಿಂದಲ್ಲ. ಸತ್ತವನಿಗೆ ತಾನು ಏಕೆ ಸತ್ತೆ ಎಂಬುದು ತಿಳಿಯುವುದಿಲ್ಲ. ಕೇದಾರದ ದಾರಿಯಲ್ಲಿ ಸತ್ತರೆ ಊರ ಮಂದಿ ಕೈ ಮುಗಿದು ಪುಣ್ಯವಂತರು ಎಂದಾರು. ದೌಲತರಾಯನಿಗೆ ತಿಳಿಯಬೇಕು. ಎಚ್ಚರಿದ್ದು, ಹಗಲಿನಲ್ಲಿ, ನಾಲ್ಕು ಮಂದಿಯೆದುರು ತಿಳಿಯಬೇಕು.

ಅವಳು ಹೊಲಿಗೆ ಬಿಚ್ಚಿದಳು. ಹತ್ತಿ ಎಲ್ಲ ತೆಗೆದಳು. ತೆಳ್ಳನೆಯ ಮಲಮಲ್ ಬಟ್ಟೆಯನ್ನು ಎರಡು ಪದರು ಮಾಡಿ, ಚೌಕಟ್ಟಿನ ಸುತ್ತ ತಗಡಿನ ತೂತಿನಲ್ಲಿ ದಾರ ಹಾಯಿಸಿ ಬಿಗಿದಳು. ಅಂಥ ಹೊಲಿಗೆಯನ್ನು ಅವಳು ಮದುವೆ ಗಾದಿಗೂ ಹಾಕಿರಲಿಲ್ಲ. ಮುಖಕ್ಕೆ ಹಿಡಿದು ಉಸಿರೆಳೆದರೆ ಗಾಳಿ ತಣ್ಣಗೆ ಬಂತು.

ಮರುದಿನ ಮಧ್ಯಾಹ್ನ ವ್ಯಂಕಟೇಶ ಒಯ್ಯಲು ಬಂದಾಗ ಅವಳು ಕೊಡಲಿಲ್ಲ. "ಸಾವಕಾರ್ರ ಕೈಯಾಗ ನಾನೇ ಕೊಡ್ತೇನಿ. ನಡಿ," ಎಂದು ಸೆರಗು ಹೊದ್ದು ಎದ್ದಳು.

ಮಿಲ್ಲಿನ ಅಂಗಳದಲ್ಲಿ ವ್ಯಾನು ನಿಂತಿತ್ತು. ಆಳುಗಳು ಹಾಸಿಗೆ, ಡಬ್ಬಿ, ರೊಟ್ಟಿಯ ಗಂಟು ಏರಿಸುತ್ತಿದ್ದರು. ಸುಂದರಬಾಯಿ ಆಗಲೇ ಒಳಗಿನ ಮಂಚದ ಮೇಲೆ ಒರಗಿದ್ದಳು. ಹಣೆಗೆ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆ. ತೆರೆದ ಬಾಗಿಲಿನಿಂದ ಅವಳ ಸೀಟಿ ಹೊಡೆವಂಥ ಉಸಿರು ಅಂಗಳಕ್ಕೂ ಕೇಳುತ್ತಿತ್ತು.

"ತಂದಿ? ಕೊಡು," ಎಂದು ದೌಲತರಾಯ ಕೈ ಚಾಚಿದ. "ಎಷ್ಟಾತು?"

"ರೊಕ್ಕ ಬ್ಯಾಡ್ರಿ," ಎಂದಳು ಖಾಸೀಂಬಿ. ಚೌಕಟ್ಟನ್ನು ಎದೆಗೆ ಒತ್ತಿ ಹಿಡಿದಿದ್ದಳು. "ಒಂದು ತಾಸು ಬೇಕ್ರಿ. ಅಲ್ಲಿ ಮಿಲ್ಲಿನ ಭಟ್ಟಿ ಮುಂದ ಕೂಡ್ರಿ. ಮುಖಕ್ಕ ಏನೂ ಕಟ್ಟಬ್ಯಾಡ್ರಿ. ಒಂದು ತಾಸು ಆದಮ್ಯಾಲ ಇದನ್ನ ನಿಮ್ಮ ಕೈಯಾಗ ಇಡ್ತೇನಿ."

ಗಂಟು ಹೊತ್ತವರು ಹಾಗೇ ನಿಂತರು. ದೌಲತರಾಯ ಮೊದಲು ನಕ್ಕ. ಹುಚ್ಚು ಗಿಚ್ಚು ಹಿಡಿದಿದೆಯೇನು ಎಂದು ವ್ಯಂಕಟೇಶನನ್ನು ಕೇಳಿದ.

"ನಾ ಲಾಲಸಾಬನ ಹೇಂತಿ ಅದೇನಿ," ಎಂದಳು ಅವಳು. "ಅಲ್ಲಿ ಪಂಖಾಕ್ಕ ಕಟ್ಟಿದ್ದ ಅರಿವಿ ಹರದು ಒಗದಿದ್ರಿ. ಧೂಳ ಕುಡದು ಯಾರೂ ಸತ್ತಿಲ್ಲ ಅಂದಿದ್ರಿ. ಒಂದು ತಾಸಿನಾಗ ನೀವೂ ಸಾಯಂಗಿಲ್ರಿ. ಕೂಡ್ರಿ."

ಆಗ ಅವನ ಮುಖ ಬದಲಾಯಿತು. ನೆನಪಾದದ್ದಕ್ಕೋ, ಮಂದಿಯೆದುರು ಆ ಮಾತು ಬಂದದ್ದಕ್ಕೋ, ಕೆಂಪಾಯಿತು. "ಕಸಗೊಳ್ರೋ ಆಕಿ ಕೈಯಾಗಿಂದ!" ಎಂದು ಅಬ್ಬರಿಸಿದ. ಖಾಸೀಂಬಿ ಸೊಂಟದಿಂದ ಕತ್ತರಿ ತೆಗೆದು ತೆರೆದು ಮಲಮಲ್ಲಿನ ಮೇಲಿಟ್ಟಳು. ಯಾರೂ ಮುಂದೆ ಬರಲಿಲ್ಲ.

"ಸಾವಕಾರ್ರ, ಸಂಜಿಯೊಳಗ ಇನ್ನೊಂದು ಆಗಂಗಿಲ್ಲ," ಎಂದ ವ್ಯಂಕಟೇಶ ನೆಲ ನೋಡುತ್ತ. "ಚೌಕಟ್ಟೂ ಆಕಿ ಹತ್ರನೇ ಅದ."

"ಹಂಗೇ ಹೋಗೂಣು! ಇದಿಲ್ಲದ ಏನು ಪ್ರಾಣ ಹೋಗ್ತದ?"

"ನಂದು ಹೋಗ್ತದ," ಎಂಬ ದನಿ ವ್ಯಾನಿನೊಳಗಿಂದ ಬಂತು. ಸುಂದರಬಾಯಿ ಬಾಗಿಲಿನ ಚೌಕಟ್ಟು ಹಿಡಿದು ಎದ್ದು ಕೂತಿದ್ದಳು. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳುತ್ತಿದ್ದಳು. "ಕೂಡು ದೌಲತ್. ಅವತ್ತು ಈ ಹೆಣ್ಮಗಳು ಬಾಗಲಾಗ ನಿಂತು ಒದರಿದಾಗ ನಾ ಒಳಗೇ ಇದ್ನಿ. ಇಲ್ಲ ಅಂತ ಹೇಳು ಅಂತ ಆಳಿಗೆ ಹೇಳಿದಾಕಿ ನಾನೇ. ಹೋಗಿ ಕೂಡು. ಇಲ್ಲಂದ್ರ ನಾ ಈ ಗಾಡ್ಯಾಗಿಂದ ಇಳೀತೇನಿ."

ದೌಲತರಾಯ ತಾಯಿಯನ್ನು ನೋಡಿದ, ಆಳುಗಳನ್ನು ನೋಡಿದ. ಮೊದಲ ರಾತ್ರಿ ತಂಗಬೇಕಿದ್ದ ಸೋಲಾಪುರದಲ್ಲಿ ಬೀಗರು ಕಾಯುತ್ತಿದ್ದರು, ಹೊರಡುವುದನ್ನು ಮುಂದೆ ಹಾಕುವಂತಿರಲಿಲ್ಲ. ಧೋತರ ಎತ್ತಿಕೊಂಡು ಭಟ್ಟಿಮನೆಯತ್ತ ನಡೆದ.

ಈಗ ಭಟ್ಟಿ ನೋಡಿಕೊಳ್ಳುತ್ತಿದ್ದವನು ಶಾಂತಲಿಂಗಪ್ಪ, ಮೂವತ್ತು ದಾಟಿದ ಸಣಕಲು ಆಳು. ಅವನು ಹೆದರುತ್ತ ಹೆದರುತ್ತ ತಾನು ಕೂಡುವ ಕಲ್ಲನ್ನು ಒರೆಸಿ ಮಾಲಕನಿಗೆ ಬಿಟ್ಟುಕೊಟ್ಟ. ಖಾಸೀಂಬಿ ಎದುರಿನ ಗೋಡೆಗೆ ಆತು ಕೂತಳು. ಗೋಡೆಯ ಗಡಿಯಾರ ಎರಡೂ ಹತ್ತು ತೋರಿಸುತ್ತಿತ್ತು.

"ಪಂಖಾ ಹಚ್ಚಪ," ಎಂದಳು.

ಪಂಖಾ ಗುರ್ರೆಂದಿತು. ಮೊದಲು ಬಿಸಿ ಬಂತು, ಅದರ ಹಿಂದೆ ಧೂಳು. ಹಳದಿ ಬಣ್ಣದ ಸಣ್ಣ ಧೂಳು ಬಿಸಿಲಿನ ಕೋಲಿನಲ್ಲಿ ಕುಣಿಯುತ್ತ ದೌಲತರಾಯನ ಬಿಳಿ ಅಂಗಿಯ ಮೇಲೆ, ಹುಬ್ಬಿನ ಮೇಲೆ, ತುಟಿಯ ಮೇಲೆ ಕೂತಿತು. ಅವನು ಹೆಗಲ ಮೇಲಿನ ವಸ್ತ್ರವನ್ನು ಮೂಗಿಗೆ ಒಯ್ದ.

"ಬ್ಯಾಡ್ರಿ," ಎಂದಳು ಖಾಸೀಂಬಿ.

ಹತ್ತು ನಿಮಿಷಕ್ಕೆ ಮೊದಲ ಕೆಮ್ಮು ಬಂತು. ಕಾಲು ತಾಸಿಗೆ ಕಣ್ಣಿನಿಂದ ನೀರಿಳಿದು ಕೆನ್ನೆಯ ಧೂಳಿನಲ್ಲಿ ಗೆರೆ ಎಳೆಯಿತು. ಖಾಸೀಂಬಿ ಒಂದು ಸಲವೂ ಕಣ್ಣು ತೆಗೆಯಲಿಲ್ಲ. ಇಂಥ ಗಳಿಗೆಯಲ್ಲಿ ಏನನಿಸುತ್ತದೆಯೋ ಎಂಬ ಅಳುಕು ಅವಳಿಗಿತ್ತು. ಹಾಯೆನಿಸಿತು. ಸುಟ್ಟ ಅಂಗಾಲಿಗೆ ತಣ್ಣೀರು ಸುರಿದಂತಾಯಿತು. ಒಂದೊಂದು ಕೆಮ್ಮನ್ನೂ ಅವಳು ಕಿವಿಯಲ್ಲಿ ತುಂಬಿಕೊಂಡಳು.

ಅರ್ಧ ತಾಸಿಗೆ ದೌಲತರಾಯ ಎದ್ದು ನಿಂತ. "ಸಾಕು," ಎಂದ. ದನಿ ಒಡೆದಿತ್ತು. "ಸಾಕು ಮಾಡವ್ವ."

ಅವ್ವ ಎಂದಿದ್ದ. ಬಾಗಿಲಲ್ಲಿ ನಿಂತ ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಂವ ದಿನಾ ಹನ್ನೆರಡು ತಾಸು ಕೂಡ್ತಿದ್ದನ್ರಿ," ಎಂದು ಖಾಸೀಂಬಿ ಕತ್ತರಿ ಎತ್ತಿದಳು. ಅವನು ಮತ್ತೆ ಕೂತ.

ಎರಡನೆಯ ಅರ್ಧ ತಾಸು ಬೇರೆಯಾಗಿತ್ತು. ಕೆಮ್ಮು ಗಂಟಲು ಬಿಟ್ಟು ಎದೆಗಿಳಿಯಿತು. ಆ ಸದ್ದು ಅವಳಿಗೆ ಗೊತ್ತಿತ್ತು, ಅದು ಲಾಲಸಾಬನ ಕೆಮ್ಮು. ಕಣ್ಣು ಮುಚ್ಚಿದರೆ ಬೇರೆಯವನದೆಂದು ಗುರುತೇ ಸಿಗದಷ್ಟು ಅದೇ. ಅವಳಿಗೆ ಸಿಟ್ಟು ಬಂತು. ಆ ಕೆಮ್ಮು ತನ್ನ ಗಂಡನದು, ಇವನ ಬಾಯಿಗೆ ಅದು ಬರಬಾರದಿತ್ತು. ಶಾಂತಲಿಂಗಪ್ಪ ಮೆಲ್ಲಗೆ ಪಂಖಾದ ಬಟನ್ನಿನತ್ತ ಕೈ ಒಯ್ದದ್ದು ಕಂಡಿತು.

"ಪೂರಾ ಬಿಡು," ಎಂದು ಗದರಿದಳು.

ಅವನು ಕೈ ಹಿಂದೆಗೆದು, ಗೋಡೆಯತ್ತ ತಿರುಗಿ, ಮುಷ್ಟಿಯೊಳಗೆ ಕೆಮ್ಮಿದ. ಮಾಲಕನ ಕೆಮ್ಮಿನ ಅಬ್ಬರದಲ್ಲಿ ಅದು ಅಲ್ಲಿಯ ತನಕ ಯಾರಿಗೂ ಕೇಳಿಸಿರಲಿಲ್ಲ. ಖಾಸೀಂಬಿ ಆಗ ಮೊದಲ ಬಾರಿ ಅವನನ್ನು ನೋಡಿದಳು. ಅವನ ಹುಬ್ಬಿನ ಮೇಲೂ ಅಷ್ಟೇ ಧೂಳಿತ್ತು. ಅವನು ಬೆಳಗಿನ ಆರು ಗಂಟೆಯಿಂದ ಅಲ್ಲೇ ಇದ್ದ.

"ನೀ ಹೊರಗ ಹೋಗಪ," ಎಂದಳು. "ನಾ ನೋಡ್ಕೋತೇನಿ."

ಉಳಿದ ಹನ್ನೆರಡು ನಿಮಿಷ ಭಟ್ಟಿಮನೆಯಲ್ಲಿ ಅವರಿಬ್ಬರೇ ಇದ್ದರು. ಮೂರೂ ಹತ್ತಾದಾಗ ಖಾಸೀಂಬಿಯೇ ಪಂಖಾ ನಿಲ್ಲಿಸಿದಳು. ತಾನೂ ಎರಡು ಸಲ ಕೆಮ್ಮಿದಳು. ಆಮೇಲೆ ಚೌಕಟ್ಟನ್ನು ಅವನ ಕೈಯಲ್ಲಿಟ್ಟಳು. ದೌಲತರಾಯ ಅದನ್ನು ಹಿಡಿದು ಎದ್ದ. ಕೆಂಪು ಕಣ್ಣಿನಿಂದ ಅವಳನ್ನು ನೋಡಿದ. ಈ ಸಲ ಗೋಡೆ ನೋಡಿದ ಹಾಗೆ ನೋಡಲಿಲ್ಲ, ಆದರೆ ಅದರಲ್ಲಿ ಪಶ್ಚಾತ್ತಾಪವೇನೂ ಇರಲಿಲ್ಲ. ನೀರಿನ ಕೊಡದ ಬಳಿ ಹೋಗಿ ಮುಖದ ಮೇಲೆ ನೀರು ಸುರಿದುಕೊಂಡು, ಉಗುಳಿ, ಅಲ್ಲೇ ಕುಕ್ಕರಗಾಲಲ್ಲಿ ಕೂತ.

ವ್ಯಂಕಟೇಶ ವ್ಯಾನಿನೊಳಗೆ ಹೊಕ್ಕು ಚೌಕಟ್ಟಿಗೆ ನಾಲ್ಕು ಸ್ಕ್ರೂ ಹಾಕಿ ಭಟ್ಟಿಯ ಪಂಖಾದ ಬಾಯಿಗೆ ಕೂಡಿಸಿದ. ಪಂಖಾ ಹಚ್ಚಿದಾಗ ಅಂಗಳದ ಧೂಳು ಬಂದು ಮಲಮಲ್ಲಿಗೆ ಹತ್ತಿಕೊಂಡಿತು. ಒಳಗೆ ಬರೀ ಗಾಳಿ ಹೋಯಿತು. ಸುಂದರಬಾಯಿ ಅದಕ್ಕೆ ಮುಖವೊಡ್ಡಿ ಎರಡು ಮೂರು ಸಲ ಉಸಿರೆಳೆದು, ಬಾಗಿಲ ಬಳಿ ನಿಂತಿದ್ದ ಖಾಸೀಂಬಿಯನ್ನು ಕೇಳಿದಳು.

"ಈಗ ಸಮಾಧಾನ ಆತೇನ ಯವ್ವಾ?"

"ಇಲ್ರಿ ಅವ್ವಾರ," ಎಂದಳು ಖಾಸೀಂಬಿ. ಜಾಳಗಿಯತ್ತ ಕೈ ತೋರಿಸಿ, "ಹೊಲಿಗಿಯಾಗ ಮೋಸ ಇಲ್ಲ. ಹೆದರಬ್ಯಾಡ್ರಿ," ಎಂದಳು.

ಮುದುಕಿ ಕೈ ಮುಗಿಯಲು ಹೋದಳು. ಅದನ್ನು ನೋಡಲಿಕ್ಕೆ ಖಾಸೀಂಬಿ ನಿಲ್ಲಲಿಲ್ಲ.

ಮಿಲ್ಲಿನ ಗೇಟು ದಾಟಿ, ಅಫಜಲಪುರದ ರಸ್ತೆಯ ಗುಂಟ, ಬಿಸಿಲಿನಲ್ಲಿ ನಡೆದಳು. ಅಳು ಬರಬಹುದೆಂದು ಕಾದಳು, ಬರಲಿಲ್ಲ. ಕೈಗಳು ಖಾಲಿಯಾಗಿದ್ದವು, ಏನು ಮಾಡಬೇಕೆಂದು ಅವಕ್ಕೆ ತಿಳಿಯುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಬಂದಾಗ ಭಜಿ ಬಂಡಿಯಿಂದ ಕಾದ ಎಣ್ಣೆಯ ವಾಸನೆ ಬಡಿಯಿತು. ನಿನ್ನೆ ಮಧ್ಯಾಹ್ನದಿಂದ ಹೊಟ್ಟೆಗೆ ಏನೂ ಬಿದ್ದಿಲ್ಲವೆಂಬುದು ಒಮ್ಮೆಗೇ ನೆನಪಾಯಿತು.

"ನಾಕು ಮಿರ್ಚಿ ಭಜಿ ಕೊಡಪ್ಪ," ಎಂದಳು.

ಬಂಡಿಯವನು ಹಾಳೆಯಲ್ಲಿ ಹಾಕಿ ಕೊಟ್ಟ. ಮನೆಗೆ ಒಯ್ಯಬೇಕೆಂದಿದ್ದವಳು ಅಲ್ಲೇ, ಬೀದಿಯಲ್ಲೇ, ಸೆರಗು ಜಾರಿದ್ದನ್ನೂ ಲೆಕ್ಕಿಸದೆ ತಿನ್ನತೊಡಗಿದಳು. ಖಾರಕ್ಕೆ ಮೂಗಿನಲ್ಲಿ ನೀರು ಬಂತು. ನಾಲ್ಕೂ ಮುಗಿದ ಮೇಲೆ ಎಣ್ಣೆ ಹತ್ತಿದ ಬೆರಳನ್ನು ನೆಕ್ಕಿ, ಹಾಳೆಯನ್ನು ಮತ್ತೆ ಬಂಡಿಯತ್ತ ಚಾಚಿದಳು.

"ಇನ್ನೆರಡು ಹಾಕು," ಎಂದಳು. "ಬಿಸಿ ಇರೂ ನೋಡಿ ಹಾಕು."